ಬೀಗದಕ್ಕನ ಎದುರು ಪಕ್ಷ

ಎಲ್ಲರಿಗೂ ನಮಸ್ಕಾರ. ವೇದಿಕೆಯ ಮೇಲಿರುವ ನಿವೃತ್ತ ನ್ಯಾಯಾಧೀಶರಿಗೆ, ನಮ್ಮ ವಕೀಲರ ಸಂಘದ ಅಧ್ಯಕ್ಷರಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ಹಲ್ಲಿನ ಡಾಕ್ಟರಿಗೆ — ಅಂದರೆ ನಮ್ಮ ಮೇಡಂ ಅವರ ಯಜಮಾನರಿಗೆ — ಅವರ ಮಗಳಿಗೆ, ಮತ್ತು ಹಿಂದೆ ಗೋಡೆಗೆ ಒರಗಿ ನಿಂತಿರುವ ಲಾಂಡ್ರಿ ಕಾರ್ಖಾನೆಯ ಎಲ್ಲರಿಗೂ ನನ್ನ ನಮಸ್ಕಾರ. ನೀವು ಯಾಕೆ ನಿಂತಿದ್ದೀರಿ? ನಡುವೆ ಕುರ್ಚಿಗಳು ಖಾಲಿ ಇವೆ, ಬನ್ನಿ. ವಕೀಲರ ಪಕ್ಕ ಕೂರಲು ಭಯವೇ? ಇವತ್ತು ಕೋರ್ಟಿಗೆ ರಜೆ, ನಾವು ಏನೂ ಮಾಡುವುದಿಲ್ಲ. ಬನ್ನಿ, ಕೂತುಕೊಳ್ಳಿ.

ಮೊದಲು ಈ ಫೋಟೋ ನೋಡಿ. ಬಂದಾಗಿನಿಂದ ನಾನು ಇದನ್ನೇ ನೋಡುತ್ತಿದ್ದೇನೆ. ಬಿಸ್ಕೆಟ್ ಕಾರ್ಖಾನೆಯ ಕೇಸು ಮುಗಿದ ದಿನ ಕೋರ್ಟಿನ ಮೆಟ್ಟಿಲ ಮೇಲೆ ಪತ್ರಿಕೆಯವರು ತೆಗೆದದ್ದು. ಮೇಡಂ ನಗುತ್ತಿದ್ದಾರೆ. ಅವರ ಪಕ್ಕದಲ್ಲಿ, ಚೌಕಟ್ಟಿನ ಅಂಚಿಗೆ, ಕಪ್ಪಗೆ ಏನೋ ಇದೆಯಲ್ಲ — ಹಿಂದಿನವರಿಗೆ ಕಾಣದಿರಬಹುದು — ಅದು ನನ್ನ ಗೌನಿನ ತೋಳು. ಅದರೊಳಗೆ ನಾನೂ ಇದ್ದೆ. ಫೋಟೋ ದೊಡ್ಡದು ಮಾಡಿಸಿದವರು ನನ್ನನ್ನು ಕತ್ತರಿಸಿ ತೋಳನ್ನು ಮಾತ್ರ ಉಳಿಸಿಕೊಂಡಿದ್ದಾರೆ. ನಾನು ದೂರು ಹೇಳುತ್ತಿಲ್ಲ. ಹೇಳುತ್ತಿದ್ದೇನೆ ಅಂತಲೇ ಇಟ್ಟುಕೊಳ್ಳಿ. ಇವರ ಜೊತೆ ನಿಂತ ಕಡೆಯಲ್ಲೆಲ್ಲ ನನ್ನ ಕಥೆ ಹೀಗೇ ಆಗಿದೆ.

ನನಗೆ ಇವರನ್ನು ಕಂಡರೆ ಹೊಟ್ಟೆಕಿಚ್ಚು. ಇದು ಗುಟ್ಟೇನಲ್ಲ, ಕೋರ್ಟಿನ ಕ್ಯಾಂಟೀನಿನಲ್ಲಿ ಟೀ ಕೊಡುವವರಿಗೂ ಗೊತ್ತು. ನನ್ನ ಹೆಂಡತಿ ಅಲ್ಲಿ ಮೂರನೇ ಸಾಲಿನಲ್ಲಿ ಕೂತು, ಬೇಡ, ಬೇಡ ಅಂತ ಕೈಸನ್ನೆ ಮಾಡುತ್ತಿದ್ದಾಳೆ. ಮಾಡಲಿ. ಡಾಕ್ಟರು ನನಗೆ ಫೋನು ಮಾಡಿ, ಶ್ರದ್ಧಾಂಜಲಿ ಸಭೆಯಲ್ಲಿ ನೀವು ಮಾತಾಡಬೇಕು ಅಂದಾಗ ನಾನು ಹೇಳಿದೆ, "ನಾನ್ಯಾಕೆ ಡಾಕ್ಟ್ರೇ? ಹೊಗಳೋಕೆ ಬೇಕಾದಷ್ಟು ಜನ ಇದಾರಲ್ಲ." ಅವರು ಅಂದರು, "ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಬೇರೆಯವರೆಲ್ಲ ಹೊಗಳ್ತಾರೆ. ಹೊಗಳೋದು ಕೇಳ್ತಾ ಕೂತ್ರೆ ಅವಳಿಗೆ ನಿದ್ದೆ ಬಂದುಬಿಡುತ್ತೆ."

ಆದ್ದರಿಂದ ನಾನು ಹೊಗಳುವುದಿಲ್ಲ. ನಡೆದದ್ದು ಹೇಳುತ್ತೇನೆ. ಅದು ಹೊಗಳಿಕೆಯಾಗಿ ಕೇಳಿಸಿದರೆ ತಪ್ಪು ಅವರದ್ದು.

ಈ ಕೆಲಸ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಕಂಪನಿ ಸಾಲ ತೀರಿಸಲಾರದೆ ಕೂತುಬಿಟ್ಟಾಗ ಎಲ್ಲರೂ ಅದರ ಬಾಗಿಲಿಗೆ ಬರುತ್ತಾರೆ. ಬ್ಯಾಂಕಿನವರು, ಮಾಲು ಕೊಟ್ಟವರು, ದುಡಿದವರು. ಅದನ್ನು ಮುಚ್ಚಿ, ಮಾರಿ, ಹಂಚಿಬಿಡಬೇಕೇ ಅಥವಾ ಇನ್ನಷ್ಟು ಕಾಲ ಉಸಿರಾಡಲು ಬಿಡಬೇಕೇ — ಇದನ್ನು ದಿವಾಳಿ ಕೋರ್ಟು ತೀರ್ಮಾನಿಸುತ್ತದೆ. ನಾನು ಯಾವಾಗಲೂ ಬ್ಯಾಂಕಿನ ಕಡೆ. ಅವರು ಕಂಪನಿಯ ಕಡೆ, ಇಲ್ಲವೇ ಕೆಲಸಗಾರರ ಕಡೆ. ಹಾಗಾಗಿ ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನ್ರೀ ಎದುರು ಪಕ್ಷ, ಊಟ ಆಯ್ತಾ?" ಅಷ್ಟೇ. ನನ್ನ ಮಗಳ ಮದುವೆಗೆ ಬಂದವರು, ಮದುಮಗನ ತಾಯಿಯ ಎದುರಿಗೇ ಹಾಗೆ ಕರೆದರು. ಆ ತಾಯಿ ಇಂದಿಗೂ ನನ್ನನ್ನು ಯಾವುದೋ ರಾಜಕೀಯದ ಮನುಷ್ಯ ಅಂದುಕೊಂಡಿದ್ದಾರೆ.

ನಾವಿಬ್ಬರೂ ವಕೀಲಿ ಪರೀಕ್ಷೆ ಮುಗಿಸಿದ್ದು ಒಂದೇ ವರ್ಷ. ಸೇರಿದ್ದು ಒಬ್ಬರೇ ಸೀನಿಯರ್ ಹತ್ತಿರ. ಚೇಂಬರಿನಲ್ಲಿ ಎರಡು ಮೇಜು ಇದ್ದವು. ಒಂದು ಕಿಟಕಿಯ ಪಕ್ಕ, ಇನ್ನೊಂದು ಕೈತೊಳೆಯುವ ಬೇಸಿನ್ ಪಕ್ಕ. ಸೀನಿಯರ್ ಬಂದವರೇ ಅವರನ್ನು ಕಿಟಕಿಯ ಹತ್ತಿರ ಕೂರಿಸಿದರು. ನಾನು ಮುಖ ಸಣ್ಣದು ಮಾಡಿದ್ದು ಕಂಡು, "ಅವಳಿಗೆ ಓದೋಕೆ ಬೆಳಕು ಬೇಕಪ್ಪಾ" ಅಂದರು. ನಾನೇನು ಕತ್ತಲಲ್ಲಿ ಓದುವ ಗೂಬೆಯೇ? ಕೇಳಲಿಲ್ಲ. ಕೇಳಬೇಕಿತ್ತು. ಬಂದವರೆಲ್ಲ ಕೈತೊಳೆದು ನನ್ನ ಕಾಗದಗಳ ಮೇಲೆ ನೀರು ಕೊಡವಿಕೊಂಡು ಹೋಗಿ, ಕಿಟಕಿಯ ಹತ್ತಿರ ನಿಂತು ಅವರ ಜೊತೆ ಹರಟೆ ಹೊಡೆಯುತ್ತಿದ್ದರು.

ಇನ್ನೂ ಒಂದು ವಿಷಯ, ಚಿಕ್ಕದು. ನಾವು ಕತ್ತಿಗೆ ಕಟ್ಟುವ ಬಿಳಿ ಪಟ್ಟಿ. ಅವರದ್ದು ಯಾವಾಗ ನೋಡಿದರೂ ಈಗಷ್ಟೇ ಅಂಗಡಿಯಿಂದ ತಂದ ಹಾಗೆ ಬೆಳ್ಳಗೆ. ನನ್ನದು ಮಧ್ಯಾಹ್ನದ ಹೊತ್ತಿಗೆ ಹಳದಿ. ನಾನೂ ಸೋಪು ಬದಲಾಯಿಸಿ ನೋಡಿದೆ, ನೀಲಿ ಹಾಕಿ ನೋಡಿದೆ. ಹೆಂಡತಿಯನ್ನು ಕೇಳಿದರೆ, "ಅವರ ಹತ್ರಾನೇ ಹೋಗಿ ಒಗೆಸ್ಕೊಳ್ಳಿ" ಅಂದಳು. ನಗಬೇಡಿ. ನ್ಯಾಯಾಧೀಶರ ಎದುರು ಇಬ್ಬರು ಅಕ್ಕಪಕ್ಕ ನಿಂತಾಗ, ಒಬ್ಬರ ಕತ್ತು ಬೆಳ್ಳಗಿದ್ದು ಇನ್ನೊಬ್ಬನದು ಹಳದಿಯಾಗಿದ್ದರೆ, ಬಾಯಿ ತೆರೆಯುವ ಮೊದಲೇ ಅರ್ಧ ಕೇಸು ಹೋಯಿತು.

ಈಗ ಬಾಯಿ ತೆರೆಯುವ ವಿಷಯಕ್ಕೆ ಬರುತ್ತೇನೆ. ಇವರ ಒಂದು ಪದ್ಧತಿ ಇಲ್ಲಿರುವ ವಕೀಲರಿಗೆಲ್ಲ ಗೊತ್ತು. ಎದುರು ಪಕ್ಷ, ಅಂದರೆ ನಾನು, ವಾದ ಮುಗಿಸಿ ಕೂತ ಮೇಲೆ ಇವರು ಎದ್ದು ನಿಲ್ಲುತ್ತಿದ್ದರು. ನಿಂತು — ಸುಮ್ಮನಿರುತ್ತಿದ್ದರು. ಹೀಗೆ. ಕೈ ಕಟ್ಟಿಕೊಂಡು. ನ್ಯಾಯಾಧೀಶರು ತಲೆ ಬಗ್ಗಿಸಿ ಬರೆಯುತ್ತಿರುತ್ತಾರಲ್ಲ, ಅವರು ಬರೆದು ಮುಗಿಸಿ, ಪೆನ್ನು ಕೆಳಗಿಟ್ಟು, ತಲೆ ಎತ್ತಿ, ಇದೇಕೆ ಇಷ್ಟು ನಿಶ್ಶಬ್ದ ಅಂತ ನೋಡುವವರೆಗೂ ಒಂದಕ್ಷರ ಇಲ್ಲ. ಇಡೀ ಕೋರ್ಟು ಅವರ ಬಾಯನ್ನೇ ನೋಡುತ್ತಿತ್ತು. ಎದುರು ಬೆಂಚಿನಲ್ಲಿ ಕೂತ ನಾನು, ಈಗ ಮಾತಾಡ್ತಾರೆ, ಈಗ ಮಾತಾಡ್ತಾರೆ ಅಂತ ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೆ. ನಾನು ಅಷ್ಟು ಹೊತ್ತು ಗಂಟಲು ಹರಿದುಕೊಂಡು ಹೇಳಿದ್ದೆಲ್ಲ ಆ ಮೌನದಲ್ಲೇ ಕರಗಿ ಹೋಗುತ್ತಿತ್ತು. ಆಮೇಲೆ ನಿಧಾನಕ್ಕೆ, "ಸ್ವಾಮಿ..." ಅಂತ ಶುರು.

ನಾನೂ ಒಂದು ಸಲ ಪ್ರಯೋಗ ಮಾಡಿದೆ. ವೇದಿಕೆಯ ಮೇಲಿರುವ ನಮ್ಮ ನಿವೃತ್ತ ನ್ಯಾಯಾಧೀಶರೇ ಅವತ್ತು ಪೀಠದಲ್ಲಿದ್ದರು — ಅವರಿಗೆ ನೆನಪಿದೆ, ನೋಡಿ, ನಗುತ್ತಿದ್ದಾರೆ. ನಾನು ಎದ್ದು ನಿಂತೆ. ಕೈ ಕಟ್ಟಿದೆ. ಸುಮ್ಮನೆ ನಿಂತೆ. ಸಾಹೇಬರು ತಲೆ ಎತ್ತಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. "ಏನೂ ಹೇಳೋದಿಲ್ವಾ? ಸರಿ, ಕೂತ್ಕೊಳ್ಳಿ" ಅಂದು ಆದೇಶ ಬರೆಸಲು ಶುರುಮಾಡಿದರು. ನಾನು "ಇದೆ ಸ್ವಾಮಿ, ಇದೆ" ಅಂತ ಕೂಗಬೇಕಾಯಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಯಾರು ಅಂತ ತಿರುಗಿ ನೋಡಬೇಕಾಗಿರಲಿಲ್ಲ.

ಇನ್ನು ಆ ಬಿಸ್ಕೆಟ್ ಕಾರ್ಖಾನೆ. ನಾನು ಬ್ಯಾಂಕಿನ ಪರವಾಗಿ ಹೋಗಿ ನೋಡಿಕೊಂಡು ಬಂದಿದ್ದೆ. ಒಲೆಗಳು ಆರಿವೆ, ಗೋದಾಮು ಖಾಲಿ, ಹಿಟ್ಟಿನ ಚೀಲದಲ್ಲಿ ಹುಳ. ಸತ್ತ ಕಂಪನಿ. ಯಂತ್ರಗಳನ್ನು ಗುಜರಿಗೆ ಹಾಕಿದರೆ ಎಷ್ಟು ತೂಗುತ್ತವೆ ಅಂತ ಲೆಕ್ಕ ಕೂಡ ಹಾಕಿಸಿದ್ದೆ. ಇವರೂ ಹೋದರು. ಯಾವ ಕಾರ್ಖಾನೆಗೆ ಬೀಗ ಬಿದ್ದರೂ ಇವರು ಗೇಟಿನ ಹತ್ತಿರ ಹಾಜರು. ಬೀಗ ತೆಗೆಸಿ ಒಳಗೆ ಹೋಗಿ ಸುತ್ತು ಹಾಕುವುದು ಇವರ ಅಭ್ಯಾಸ. ಕೆಲಸಗಾರರು ಅದಕ್ಕೇ ಬೀಗದಕ್ಕ ಅಂತ ಹೆಸರಿಟ್ಟಿದ್ದರು. ಒಳಗೆ ಹೋದವರು ಎಲ್ಲರಂತೆ ಏನು ನಿಂತಿದೆ ಅಂತ ಕೇಳುತ್ತಿರಲಿಲ್ಲ. "ಇಲ್ಲಿ ಇನ್ನೂ ಏನು ನಡೀತಿದೆ?" ಅಂತ ಕೇಳುತ್ತಿದ್ದರು. ಹುಚ್ಚು ಪ್ರಶ್ನೆ ಅಂತ ನಾನು ನಗುತ್ತಿದ್ದೆ.

ಬಿಸ್ಕೆಟ್ ಕೇಸಿನ ದಿನ ನಾನು ವಾದ ಮಾಡಿ, ಈ ಕಂಪನಿ ಸತ್ತಿದೆ ಸ್ವಾಮಿ, ಹೆಣ ಇಟ್ಟುಕೊಂಡು ಕೂರುವುದು ಬೇಡ ಅಂದೆ. ಬಹಳ ಚೆನ್ನಾಗಿ ಹೇಳಿದೆ ಅಂತ ನನಗೇ ಖುಷಿಯಾಗಿತ್ತು. ಇವರು ಎದ್ದರು. ಮೌನ. ಪೆನ್ನು ಕೆಳಗೆ. "ಸ್ವಾಮಿ, ಬೆಂಚ್ ಕ್ಲರ್ಕ್ ಅವರು ಕಾರ್ಖಾನೆಗೆ ಒಂದು ಫೋನು ಮಾಡಬಹುದಾ? ನಂಬರು ಬಿಸ್ಕೆಟ್ ಪೊಟ್ಟಣದ ಮೇಲೇ ಇದೆ." ಸಾಹೇಬರಿಗೂ ಕುತೂಹಲ, ಮಾಡಿ ಅಂದರು. ಕ್ಲರ್ಕ್ ಮಾಡಿದ. ಆ ಕಡೆಯಿಂದ ಒಬ್ಬ ಹೆಂಗಸಿನ ಧ್ವನಿ, ಎಷ್ಟು ಗಟ್ಟಿಯಾಗಿತ್ತೆಂದರೆ ನನಗೂ ಕೇಳಿಸಿತು — "ನಮಸ್ಕಾರ, ಬಿಸ್ಕೆಟ್ ಕಂಪನಿ. ಸಿಹಿದು ಬೇಕಾ, ಉಪ್ಪಿಂದಾ?" ಕ್ಲರ್ಕ್ ತಬ್ಬಿಬ್ಬಾಗಿ "ಉಪ್ಪಿಂದು" ಅಂದುಬಿಟ್ಟ. "ಈಗ ಸ್ವಲ್ಪ ತಡ ಆಗ್ತಿದೆ ಸಾರ್, ಬರ್ಕೊಂಡಿರ್ತೀನಿ, ಒಲೆ ಹಚ್ಚಿದ ಕೂಡ್ಲೇ ಮೊದಲು ನಿಮಗೇ."

ಕೋರ್ಟು ಬಿದ್ದು ಬಿದ್ದು ನಕ್ಕಿತು. ನಗು ನಿಂತ ಮೇಲೆ ಇವರು ಹೇಳಿದ್ದು ಇಷ್ಟೇ. ಅಂಗಡಿಯವರು ಇನ್ನೂ ಕೇಳುತ್ತಿದ್ದಾರೆ ಸ್ವಾಮಿ, ಈ ಹೆಂಗಸು ಸಂಬಳ ಇಲ್ಲದೆ ಇನ್ನೂ ಉತ್ತರ ಕೊಡುತ್ತಿದ್ದಾಳೆ, ಕೇಳುವವರೂ ಕೊಡುವವರೂ ಇರುವ ಕಂಪನಿಯನ್ನು ಈ ನನ್ನ ವಕೀಲ ಸ್ನೇಹಿತರು ಗುಜರಿಗೆ ತೂಗಿಸುತ್ತಿದ್ದಾರೆ. ಆ ಕಾರ್ಖಾನೆ ನಡೆಯುವ ಸ್ಥಿತಿಯಲ್ಲೇ ಬೇರೆಯವರ ಕೈಗೆ ಹೋಯಿತು. ಇಂದಿಗೂ ನಡೆಯುತ್ತಿದೆ. ಇವತ್ತು ಸಭೆಯ ಟೀ ಜೊತೆ ಇಟ್ಟಿರುವುದು ಅದೇ ಬಿಸ್ಕೆಟ್. ನಾನು ತಿನ್ನಲಿಲ್ಲ.

ನಾನೂ ಗೆದ್ದಿದ್ದೇನೆ, ಗೆಲ್ಲಲಿಲ್ಲ ಅಂತಲ್ಲ. ಗುಂಡಿ ಮಾಡುವ ಕಾರ್ಖಾನೆಯೊಂದಿತ್ತು, ಅಂಗಿಯ ಗುಂಡಿ. ಅದು ನಿಜಕ್ಕೂ ಉಳಿಯುವಂತಿರಲಿಲ್ಲ. ನಾನು ಗೆದ್ದೆ, ಮುಚ್ಚಲು ಆದೇಶ ಆಯಿತು. ಅವತ್ತೇ ಸಂಜೆ ಇವರು ಕಾರ್ಖಾನೆಯ ಅಂಗಳಕ್ಕೆ ಹೋಗಿ, ಒಂದು ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತರು. "ಉಳಿಸ್ತೀನಿ ಅಂತ ಪ್ರಯತ್ನ ಪಟ್ಟೆ, ಆಗಲಿಲ್ಲ. ಸುಳ್ಳು ಹೇಳಲ್ಲ, ಇದು ಮತ್ತೆ ತೆಗೆಯಲ್ಲ. ನಾಳೆಯಿಂದ ಬೇರೆ ಕೆಲಸ ಹುಡುಕಿ. ನಿಮಗೆ ಬರಬೇಕಾದ್ದು ಬರೋವರೆಗೂ ನಾನು ಬಿಡಲ್ಲ." ಅಷ್ಟೇ ಮಾತು. ನಾನು ಯಂತ್ರಗಳಿಗೆ ಮುದ್ರೆ ಹಾಕಿಸಲು ಬಂದಿದ್ದವನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಸೋತು ಬಂದ ವಕೀಲೆಯನ್ನು ಜನ ಸುತ್ತುವರಿದು, ಕೈ ಹಿಡಿದುಕೊಂಡು, ಒಬ್ಬಾಕೆ ಕೂದಲು ಸವರಿ, "ಅಕ್ಕಾ, ನೀವು ಊಟ ಮಾಡ್ಕೊಂಡು ಹೋಗಿ" ಅಂತಿದ್ದಾಳೆ. ಗೆದ್ದವನು ನಾನು. ಹಿಂದಿನ ಗೇಟಿನಿಂದ ಬಾಲ ಮುದುರಿಕೊಂಡು ಹೋದೆ. ಸೋತರೂ ಪ್ರೀತಿ ಅವರಿಗೇ, ಗೆದ್ದರೂ ಅವರಿಗೇ ಅಂದರೆ, ಮನುಷ್ಯನಾದವನು ಏನು ಮಾಡಬೇಕು ಹೇಳಿ.

ಶನಿವಾರದ ವಿಷಯ ಎಲ್ಲರೂ ಹೇಳುತ್ತಾರೆ, ನಾನೂ ಹೇಳಲೇಬೇಕು. ಸಾರ್ವಜನಿಕ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಹಳೆಯ ಪತ್ರಿಕೆಗಳ ನಡುವೆ, ಮುರಿದ ಗ್ಲೋಬ್ ಇಟ್ಟಿದ್ದ ಮೇಜಿನ ಮುಂದೆ ಕೂತು ಸಣ್ಣ ಅಂಗಡಿಯವರಿಗೆ ಪುಕ್ಕಟೆ ಸಲಹೆ ಕೊಡುತ್ತಿದ್ದರು. ಟೈಲರು, ಸಲೂನಿನವರು, ಮುದ್ರಣದ ಪ್ರೆಸ್ ಇಟ್ಟು ಕೈಸುಟ್ಟುಕೊಂಡವರು. ಮುಖ ಮುಚ್ಚಿಕೊಂಡು ಬರುತ್ತಿದ್ದರು, ಯಾರಾದರೂ ನೋಡಿಬಿಟ್ಟರೆ ಅಂತ. ಇವರು ಎಲ್ಲರಿಗೂ ಮೊದಲು ಹೇಳುತ್ತಿದ್ದದ್ದು ಒಂದೇ ಮಾತು. "ಅಂಗಡಿ ಮುಚ್ಚೋದು ಅಂದ್ರೆ ಸಾಯೋದಲ್ಲ. ಕೂತ್ಕೊಳ್ಳಿ, ನೀರು ಕುಡೀರಿ." ಆ ಒಂದು ಮಾತು ಕೇಳಿಸಿಕೊಂಡದ್ದರಿಂದ ಇವತ್ತು ಬದುಕಿರುವವರು ಈ ಸಭೆಯಲ್ಲೇ ಇದ್ದಾರೆ. ಕೈ ಎತ್ತಬೇಡಿ, ನನಗೆ ಗೊತ್ತು.

ನಾನೂ ಸುಮ್ಮನಿರಲಿಲ್ಲ. ಅವರದ್ದು ಶನಿವಾರ ಆದರೆ ನನ್ನದು ಭಾನುವಾರ ಅಂತ ಪಕ್ಕದ ಕೋಣೆ ಕೇಳಿ ಪಡೆದೆ. ಬಾಗಿಲಿಗೆ ಬೋರ್ಡು ಹಾಕಿಸಿದೆ. ಬೆಳಗಿನಿಂದ ಕೂತೆ. ಊಟದ ಹೊತ್ತಿಗೆ ಒಬ್ಬ ಮುದುಕರು ಇಣುಕಿದರು. ಬನ್ನಿ, ಬನ್ನಿ ಅಂದೆ. "ಆ ಮೇಡಂ ಯಾವ ದಿನ ಸಿಗ್ತಾರೆ?" ಅಂತ ಕೇಳಿದರು. ಶನಿವಾರ ಅಂದೆ. ಥ್ಯಾಂಕ್ಸ್ ಹೇಳಿ, ನನ್ನ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.

ಸರ್ಕಾರ ದಿವಾಳಿ ಕಾನೂನು ತಿದ್ದಲು ಸಮಿತಿ ಮಾಡಿದಾಗ ಇವರನ್ನು ಕರೆದರು. ಮುಚ್ಚಿದ ಕಂಪನಿಯಲ್ಲಿ ದುಡಿದವರ ಬಾಕಿ ಸಂಬಳ ಬೇರೆಲ್ಲಕ್ಕಿಂತ ಮೊದಲು ಹೋಗಬೇಕು ಅಂತ ಹಟ ಹಿಡಿದು ಬರೆಸಿದವರು ಇವರೇ. ಆ ನಿಯಮದಿಂದ ನಾನು ಸೋತ ಕೇಸುಗಳು ಬಹಳ. ಆಮೇಲೆ ಇವರಿಗೆ ನ್ಯಾಯಾಧೀಶರ ಹುದ್ದೆ ಬಂತು. ಅದು ನಾನು ಓದುವ ಕಾಲದಿಂದ ಕನಸು ಕಂಡ ಕುರ್ಚಿ. ಅವರು ಬೇಡ ಅಂದರು. ಕೇಳಿಸಿತೇ? ಬೇಡ ಅಂದರು. ನನ್ನನ್ನು ಯಾರೂ ಕೇಳಲೇ ಇಲ್ಲ. ನಾನು ಕಾರಿಡಾರಿನಲ್ಲಿ ಅಡ್ಡ ನಿಲ್ಲಿಸಿ ಕೇಳಿದೆ, "ಏನ್ ಮೇಡಂ, ತಲೆ ಕೆಟ್ಟಿದೆಯಾ? ಯಾಕೆ ಬೇಡ ಅಂದ್ರಿ?" ಗೌನು ಮಡಚಿ ಕೈಮೇಲೆ ಹಾಕಿಕೊಳ್ಳುತ್ತಾ ಅಂದರು, "ಅಲ್ಲಿ ಕೂತ್ರೆ ನಿಮ್ಮ ಜೊತೆ ಜಗಳ ಆಡೋಕಾಗಲ್ವಲ್ಲ, ಎದುರು ಪಕ್ಷ." ನನಗೆ ಬಂದ ಸಿಟ್ಟಿಗೆ ಒಂದು ವಾರ ಮಾತಾಡಿಸಲಿಲ್ಲ. ನನಗೆ ಅಷ್ಟು ಬೇಕಾಗಿದ್ದ ವಸ್ತುವನ್ನು, ನನ್ನ ಹೆಸರು ಹೇಳಿಕೊಂಡು ಬಿಸಾಡಿಬಿಟ್ಟರಲ್ಲ.

ಈಗ — ಒಂದು ನಿಮಿಷ, ನೀರು. ಧನ್ಯವಾದ.

ಈಗ ಲಾಂಡ್ರಿಯ ವಿಷಯ. ಆಗ ಹಿಂದೆ ನಿಂತಿದ್ದರಲ್ಲ, ಅವರ ಕಾರ್ಖಾನೆ. ಊರಿನ ಆಸ್ಪತ್ರೆಗಳ ಹಾಸಿಗೆ ಬಟ್ಟೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲವೂ ಅಲ್ಲೇ ಹಬೆಯಲ್ಲಿ ಕುದಿದು, ಒಣಗಿ, ಇಸ್ತ್ರಿಯಾಗಿ ಹೋಗುವುದು. ಕಂಪನಿ ದಿವಾಳಿಯಾಗಿದೆ. ಒಳ್ಳೆಯ ಖರೀದಿದಾರರು ಸಿಗುವವರೆಗೆ ಕಾರ್ಖಾನೆ ನಡೆಯಲಿ ಅಂತ ಇವರು ಆದೇಶ ತಂದಿದ್ದರು. ಈಗಲೇ ಬಾಯ್ಲರ್ ಆರಿಸಿ, ಬಿಡಿಬಿಡಿಯಾಗಿ ಮಾರಿಬಿಡೋಣ ಅಂತ ಬ್ಯಾಂಕಿನ ಅರ್ಜಿ. ಆ ಕೇಸಿನಲ್ಲಿ ಬ್ಯಾಂಕಿಗೆ ವಕೀಲ ನಾನಲ್ಲ, ಯಾರೋ ಹೊಸ ಹುಡುಗ. ಅವರ ಎದುರು ನಿಲ್ಲುವ ಅವಕಾಶ ಅವನಿಗೆ ಸಿಕ್ಕಿತಲ್ಲ ಅಂತ ಅದಕ್ಕೂ ನನಗೆ ಹೊಟ್ಟೆ ಉರಿದಿತ್ತು. ಇರಲಿ.

ಮೇಡಂ ತೀರಿಕೊಂಡ ಸುದ್ದಿ ಬೆಳಿಗ್ಗೆ ಬಂತು. ಕಾಫಿ ಲೋಟ ಕೈಯಲ್ಲಿ ಹಿಡಿದು ಕುರ್ಚಿಯಲ್ಲಿ ಕೂತವರು ಹಾಗೇ ಹೋಗಿಬಿಟ್ಟಿದ್ದರು. ಅಂತ್ಯಕ್ರಿಯೆ ಮುಗಿಯಿತು. ಅದರ ಮರುದಿನ ನಾನು ಬೇರೆ ಯಾವುದೋ ಕೆಲಸಕ್ಕೆ ಅದೇ ಕೋರ್ಟ್ ಹಾಲಿನಲ್ಲಿ ಕೂತಿದ್ದೆ. ತಲೆ ಎಲ್ಲೋ ಇತ್ತು. ಬೆಂಚ್ ಕ್ಲರ್ಕ್ ಲಾಂಡ್ರಿ ಕೇಸು ಕೂಗಿದ, ಅಭ್ಯಾಸದಂತೆ ಅವರ ಹೆಸರನ್ನೂ ಕೂಗಿದ. ಅವರ ಹೆಸರು ಕೂಗಿದರೆ ನನ್ನ ಕಾಲು ತಾನಾಗಿ ಎದ್ದು ನಿಲ್ಲುತ್ತದೆ. ಇಷ್ಟು ವರ್ಷ ನಿಂತ ಕಾಲು, ಅದಕ್ಕೆ ಯಾರು ಹೇಳಬೇಕು? ನಾನು ಎದ್ದು ನಿಂತಿದ್ದೇನೆ. ಆ ಹೊಸ ಹುಡುಗ ಒಂದು ಕಡೆ ಎದ್ದಿದ್ದಾನೆ. ಇನ್ನೊಂದು ಕಡೆ ಖಾಲಿ, ನಾನೊಬ್ಬನೇ.

ನ್ಯಾಯಾಧೀಶರು ನನ್ನನ್ನು ನೋಡಿದರು. "ಓ, ಮೇಡಂ ಅವರ ಕಡೆ ನೀವು ನಿಲ್ತಿದೀರಾ? ಬಹಳ ಒಳ್ಳೇದಾಯ್ತು" ಅಂದು ಹಾಜರಿ ಬರೆದುಕೊಂಡುಬಿಟ್ಟರು. ಇಲ್ಲ ಸ್ವಾಮಿ, ತಪ್ಪಾಯಿತು, ಇದು ಕಾಲಿನ ಅಭ್ಯಾಸ ಅಂತ ಹೇಳಲು ಬಾಯಿ ತೆರೆದೆ. ಹಿಂದೆ ತಿರುಗಿದೆ. ಈ ಲಾಂಡ್ರಿಯವರು, ನೀವೇ, ಕೊನೆಯ ಬೆಂಚಿನಲ್ಲಿ ಸಾಲಾಗಿ ಕೂತು ನನ್ನನ್ನು ನೋಡುತ್ತಿದ್ದಿರಿ. ಬಾಯಿ ಮುಚ್ಚಿಕೊಂಡೆ. ವಿಚಾರಣೆ ಬರುವ ಸೋಮವಾರ. ಮನೆಗೆ ಹೋಗಿ ಹೇಳಿದರೆ ನನ್ನ ಹೆಂಡತಿ, "ಈ ವಯಸ್ಸಲ್ಲಾದ್ರೂ ಸರಿಯಾದ ಕಡೆ ನಿಂತ್ರಲ್ಲ" ಅಂದಳು. ನಿಂತದ್ದು ಕಾಲು, ನಾನಲ್ಲ.

ನಿಮಗೆ ಅರ್ಥವಾಗುತ್ತಿದೆಯೇ ನನ್ನ ಸ್ಥಿತಿ? ಸೋಮವಾರ ನಾನು ಗೆದ್ದರೆ ಊರೆಲ್ಲ ಹೇಳುತ್ತದೆ, ಬೀಗದಕ್ಕ ಹೋದಮೇಲೂ ಗೆದ್ದಳು ಅಂತ. ಸೋತರೆ? ಇವನ ಕೈಗೆ ಸಿಕ್ಕು ಕೆಟ್ಟಿತು ಅಂತ. ಗೆಲುವು ಅವರದ್ದು, ಸೋಲು ನನ್ನದು, ಇದು ಕೇಸಿಗೆ ಮೊದಲೇ ತೀರ್ಮಾನವಾಗಿದೆ. ಸತ್ತ ಮೇಲೂ ನನ್ನನ್ನು ಹೀಗೆ ಸಿಕ್ಕಿಸುವವರು ಇನ್ನೆಲ್ಲಿ ಸಿಗುತ್ತಾರೆ? ಆದರೆ ಸೋತರೆ ಬಾಯ್ಲರ್ ಆರುತ್ತದೆ, ನೀವೆಲ್ಲ ಬೀದಿಗೆ ಬರುತ್ತೀರಿ. ಅದು ನನಗೆ ಗೊತ್ತು. ಅದನ್ನು ಯೋಚಿಸಿಕೊಂಡೇ ಮೊನ್ನೆ ಲಾಂಡ್ರಿಗೆ ಹೋದೆ, ಅವರು ಹೋಗುತ್ತಿದ್ದ ಹಾಗೆ.

ಗೇಟಿನಲ್ಲಿ ಕಾಲಿಟ್ಟ ಕೂಡಲೇ ಇಸ್ತ್ರಿ ಯಂತ್ರದ ಹತ್ತಿರ ನಿಂತಿದ್ದ ಒಬ್ಬ ಹೆಂಗಸು ಒಳಗೆ ಕೂಗಿದಳು, "ಗುಜರಿ ಸಾಹೇಬ್ರು ಬಂದ್ರು ಕಣ್ರೇ." ಅಂದರೆ ಕೆಲಸಗಾರರು ನನಗೂ ಒಂದು ಹೆಸರಿಟ್ಟಿದ್ದಾರೆ. ಅದು ಗೊತ್ತಾದದ್ದು ಅವತ್ತು. ಬೀಗದಕ್ಕ, ಗುಜರಿ ಸಾಹೇಬ. ನೋಡಿ ನ್ಯಾಯ. ಒಳಗೆ ಹಬೆ, ಬಿಸಿ ಬಟ್ಟೆಯ ವಾಸನೆ, ನನ್ನ ಕನ್ನಡಕ ಮಬ್ಬಾಯಿತು. ಎಲ್ಲರೂ ಕೆಲಸ ಬಿಡದೆ ನನ್ನನ್ನೇ ನೋಡುತ್ತಿದ್ದಾರೆ. ನಾನು ಗಂಟಲು ಸರಿಮಾಡಿಕೊಂಡು ಅವರದ್ದೇ ಪ್ರಶ್ನೆ ಕೇಳಿದೆ — "ಇಲ್ಲಿ ಇನ್ನೂ ಏನು ನಡೀತಿದೆ?" ಅವರು ಮುಖ ಮುಖ ನೋಡಿಕೊಂಡರು. "ಎಲ್ಲಾನೂ ನಡೀತಿದೆಯಲ್ಲ ಸಾರ್, ಕಾಣಿಸ್ತಿಲ್ವಾ? ಅಕ್ಕ ನಿಲ್ಲೋಕೆ ಬಿಟ್ರೆ ತಾನೇ."

ಪೆಚ್ಚಾದೆ. ಒಂದು ಸಲವಾದರೂ ಆ ಪ್ರಶ್ನೆಗೆ ನನಗೂ ಒಂದು ಉತ್ತರ ಸಿಗಬಾರದೇ, ನಾನೇ ಕಂಡುಹಿಡಿದದ್ದು? ಅದನ್ನೂ ಅವರೇ ಮೊದಲೇ ಹೋಗಿ ಮುಗಿಸಿಟ್ಟಿದ್ದರು.

ಹೊರಡುವಾಗ ಆ ಇಸ್ತ್ರಿ ಹೆಂಗಸು ನಿಲ್ಲಿ ಅಂದು, ಕಪಾಟಿನಿಂದ ಕಾಗದ ಸುತ್ತಿದ ಒಂದು ಪೊಟ್ಟಣ ತಂದಳು. ಇದೋ, ಇಲ್ಲಿದೆ, ತಂದಿದ್ದೇನೆ. ಬಿಚ್ಚಿದೆ. ಒಳಗೆ ಕತ್ತಿನ ಬಿಳಿ ಪಟ್ಟಿಗಳು, ಗಂಜಿ ಹಾಕಿ ಇಸ್ತ್ರಿ ಮಾಡಿದವು. ಮೇಡಂ ಅವರವು. ಬಹಳ ವರ್ಷಗಳಿಂದ ಒಗೆಯಲು ಅಲ್ಲೇ ಕೊಡುತ್ತಿದ್ದರಂತೆ, ಲಾಂಡ್ರಿಯವರು ಆಸ್ಪತ್ರೆಯ ಬಟ್ಟೆಯ ಜೊತೆ ಕುದಿಸಿ ಕೊಡುತ್ತಿದ್ದರಂತೆ. ಅದಕ್ಕೇ ಆ ಬಿಳುಪು. ನಾನು ಮನೆಯಲ್ಲಿ ನೀಲಿ ಹಾಕಿಕೊಂಡು ಕೂತಿದ್ದೆ. "ತಗೊಂಡು ಹೋಗೋಕೆ ಬರಲೇ ಇಲ್ಲ ಅಕ್ಕ" ಅಂದಳು. ಆಮೇಲೆ ನನ್ನ ಕತ್ತು ನೋಡಿ ಅಂದಳು, "ನೀವು ಹಾಕ್ಕೊಳ್ಳಿ ಸಾರ್. ನಿಮ್ಮದು ಯಾಕೋ ಸರಿಯಿಲ್ಲ."

ನಾನು ಮನೆಗೆ ತಂದೆ. ಕನ್ನಡಿಯ ಮುಂದೆ ಒಂದು ಸಲ ಕಟ್ಟಿ ನೋಡಿದೆ. ನನ್ನ ಕತ್ತಿಗೆ ಸರಿಯಾಗಿ ಕೂತಿತು. ಬಿಚ್ಚಿ ಮತ್ತೆ ಮಡಚಿಟ್ಟೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಆಗ ನನಗೆ ಅಳು ಬಂತು. ಇದನ್ನು ಇಲ್ಲಿ ಹೇಳಬಾರದು ಅಂತ ಅಂದುಕೊಂಡಿದ್ದೆ. ನನ್ನ ಹೊಟ್ಟೆಕಿಚ್ಚು ಹಾಗೇ ಇದೆ, ಒಂದು ಚೂರೂ ಕಡಿಮೆಯಾಗಿಲ್ಲ. ಅದನ್ನು ಇಡಲು ಈಗ ಜಾಗ ಇಲ್ಲ. ಬೆಳಿಗ್ಗೆ ಎದ್ದು ಕೋರ್ಟಿಗೆ ಹೋಗಲು ನನಗಿದ್ದ ಕಾರಣ ಏನು ಅಂತ ಈಗ ಗೊತ್ತಾಗುತ್ತಿದೆ, ಮತ್ತು ಆ ಕಾರಣ ಇಲ್ಲಿ ಫೋಟೋದಲ್ಲಿ ನಗುತ್ತಾ ನಿಂತಿದೆ.

ಈ ಪೊಟ್ಟಣ ಸೇರಬೇಕಾದ್ದು ಮನೆಯವರಿಗೆ. ಬಾಮ್ಮ, ತಗೋ. ನಿಮ್ಮ ಅಮ್ಮನದು. — ಏನು? — ಮೈಕ್ ಇಲ್ಲ ಅವಳಿಗೆ, ಸ್ವಲ್ಪ ನಿಶ್ಶಬ್ದ. ಜೋರಾಗಿ ಹೇಳಮ್ಮ. — ಹಿಂದಿನವರಿಗೆ ನಾನೇ ಹೇಳುತ್ತೇನೆ. "ನೀವೇ ಇಟ್ಕೊಳ್ಳಿ ಅಂಕಲ್, ಸೋಮವಾರ ಹಾಕ್ಕೊಂಡು ಹೋಗಿ" ಅನ್ನುತ್ತಿದ್ದಾಳೆ. — ಇನ್ನೇನೋ ಹೇಳುತ್ತಿದ್ದಾಳೆ. — "ಆದ್ರೆ ಗೆದ್ರೆ ಅಮ್ಮನೇ ಗೆದ್ದಿದ್ದು ಅಂತಾನೇ ಹೇಳ್ತೀವಿ."

ಕೇಳಿದಿರಾ? ಅಮ್ಮನ ಬಾಯೇ. ಡಾಕ್ಟ್ರೇ, ನೀವು ನಗಬೇಡಿ, ನೀವೂ ಅದೇ ಗುಂಪು. ಆಯ್ತಮ್ಮ. ಹಾಗೇ ಹೇಳಿ. ನೀವು ಹಾಗೆ ಹೇಳುವುದನ್ನು ನಾನು ಕೇಳಬೇಕು. ಅದಕ್ಕಾಗಿಯಾದರೂ ಗೆಲ್ಲಬೇಕು.

ಇನ್ನು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು. ಫೋನುಗಳನ್ನು ಆರಿಸಿ. ಹಿಂದಿನವರು ಮುಂದೆ ಬನ್ನಿ, ಇನ್ನೂ ಹತ್ತಿರ. ಕೈ ಕಟ್ಟಿಕೊಳ್ಳಿ. ಹೌದು, ಹಾಗೆ, ಅವರು ನಿಲ್ಲುತ್ತಿದ್ದ ಹಾಗೆ.

ಇಂಥ ಮೌನವನ್ನು ಮುಗಿಸುತ್ತಿದ್ದದ್ದು ಯಾವಾಗಲೂ ಅವರೇ. ನಾನು ಎದುರು ಬೆಂಚಿನಲ್ಲಿ ಹಲ್ಲು ಕಚ್ಚಿಕೊಂಡು, ಈಗ ಮಾತಾಡ್ತಾರೆ, ಈಗ ಮಾತಾಡ್ತಾರೆ ಅಂತ ಕಾಯುತ್ತಿದ್ದೆ. ಇವತ್ತೂ ಕಾಯುತ್ತೇನೆ, ಅಭ್ಯಾಸ ಬಿಡುವುದಿಲ್ಲ. ಅವರು ಮಾತಾಡದಿದ್ದರೆ, ಸೋಮವಾರ ನಾನು ಮಾತಾಡಬೇಕು.

ಮೇಡಂ, ಎದುರು ಪಕ್ಷ ಹಾಜರಿದ್ದೇನೆ. ನಿಮ್ಮ ಕಡೆಗೆ.

ಎಲ್ಲರೂ ಮೌನವಾಗಿ ನಿಲ್ಲೋಣ —